ಹಾಡಿಗೆ ಮೊದಲಿನ ಮಾತು

ಬೆಟ್ಟಮ್ಮನ ಟೇಪ್‌ರೆಕಾರ್ಡರಿನ ಮೋಟರು ಸುಟ್ಟುಹೋಯಿತು. ಅದಕ್ಕೆ ಬಿಡಿಭಾಗ ಈಗ ಬರುವುದೇ ಇಲ್ಲ ಅಂದ ರಿಪೇರಿಯವನು. ಇದು ೨೦೦೬ರ ಮಾತು. ಹಾಸನದಲ್ಲಿದ್ದ ಅಳಿಯ ಬೆಂಕಿಪೊಟ್ಟಣದಷ್ಟಿದ್ದ ಎಂಪಿತ್ರೀ ಪ್ಲೇಯರ್ ತಂದುಕೊಟ್ಟ. ಅದರ ತುಂಬ ಹಾಡೂ ಹಾಕಿಸಿದ್ದ. ಎರಡು ದಿನ ಕೇಳಿದ ಬೆಟ್ಟಮ್ಮ ಮೂರನೆಯ ದಿನ ಇಪ್ಪತ್ತೆರಡು ಕ್ಯಾಸೆಟ್ಟುಗಳನ್ನು ಬಟ್ಟೆಚೀಲಕ್ಕೆ ತುಂಬಿಕೊಂಡು ಅರಕಲಗೂಡಿನ ಬಸ್ಸು ಹತ್ತಿದಳು.

ಬಸ್‌ಸ್ಟ್ಯಾಂಡಿನ ಎದುರು ರಂಗಸ್ವಾಮಿಯ ಕಂಪ್ಯೂಟರ್ ಅಂಗಡಿ. ಅವನು ಚೀಲ ನೋಡಿ ನಕ್ಕ. "ಇವೆಲ್ಲ ಒಂದೇ ಸೀಡೀಲಿ ಸಿಗ್ತವೆ ಕಣಮ್ಮ. ಹಳೇದ್ಯಾಕೆ ಹೊತ್ಕೊಂಡ್ ಬಂದ್ರಿ?"

"ಸಿಗೋವು ಬ್ಯಾರೆ ಸಾ. ಇವು ನನ್ನವು."

ಅಂಗಡಿಯ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವಳು ವರ್ಷಾ. ಡಿಪ್ಲೊಮಾ ಮುಗಿಸಿ ಆಗತಾನೆ ಕೆಲಸಕ್ಕೆ ಸೇರಿದ್ದಳು. ಅಂಗಡಿಯಲ್ಲಿದ್ದ ಹಳೆಯ ಟೇಪಿನಿಂದ ಕಂಪ್ಯೂಟರಿಗೆ ವೈರು ಹಾಕಿದರೆ ಹಾಡು ಇಳಿಸಬಹುದು ಅಂತ ಅವಳಿಗೆ ಗೊತ್ತಿತ್ತು. "ಆದ್ರೆ ಕ್ಯಾಸೆಟ್ ಪೂರ್ತಿ ಓಡಬೇಕು. ಒಂದಕ್ಕೆ ಒಂದು ಗಂಟೆ" ಅಂದಳು.

"ಕೂತ್ಕತೀನಿ ಬಿಡವ್ವ."

ಹಾಗೆ ಪ್ರತಿ ಬುಧವಾರ ಬೆಟ್ಟಮ್ಮ ಬಂದು ಕೂರತೊಡಗಿದಳು. ಸೋಬಾನೆ, ತತ್ವಪದ, ಸಿನಿಮಾ ಹಾಡು, ಎಲ್ಲಾ ಓಡುತ್ತಿದ್ದವು. ಗಿರಾಕಿ ಇಲ್ಲದಾಗ ವರ್ಷಾ ಪಕ್ಕದಲ್ಲಿ ಕೂತು ಮನೆಯಿಂದ ತಂದ ಮುದ್ದೆ, ಸಾರು ಹಂಚಿಕೊಳ್ಳುತ್ತಿದ್ದಳು. ಆರನೆಯ ಬುಧವಾರ ಕೆಲಸ ಮುಗಿಯಿತು.

ಮಾರನೆಯ ದಿನವೇ ಬೆಟ್ಟಮ್ಮ ಮತ್ತೆ ಹಾಜರು. ಮುಖ ಕೆಂಪಗಿತ್ತು. "ಕಲಸ್ಬುಟ್ಟಿದ್ದೀಯಲ್ಲವ್ವಾ! ಸೋಬಾನೆ ಮುಗೀತಿದ್ದಂಗೆ ಸಾವಿನ ಪದ ಬಂತು."

ವರ್ಷಾಗೆ ತಪ್ಪು ಹೊಳೆಯಿತು. ಹಾಡುಗಳಿಗೆ ಇಂಗ್ಲಿಷಿನಲ್ಲಿ ಹೆಸರಿಟ್ಟಿದ್ದಳು. ಪ್ಲೇಯರು ಅವನ್ನು ಎ, ಬಿ, ಸಿ ಸಾಲಿನಲ್ಲಿ ಜೋಡಿಸಿಕೊಂಡಿತ್ತು. ಬೆಟ್ಟಮ್ಮನಿಗೆ ಯಾವ ಭಾಷೆಯೂ ಓದಲು ಬರುತ್ತಿರಲಿಲ್ಲ. ಕ್ಯಾಸೆಟ್ಟುಗಳನ್ನಾದರೆ ರಟ್ಟಿನ ಬಣ್ಣದಿಂದಲೇ ಗುರುತು ಹಿಡಿಯುತ್ತಿದ್ದಳು. ಈ ಪೊಟ್ಟಣಕ್ಕೆ ಬಣ್ಣ ಎಲ್ಲಿಯದು?

ಒಂದು, ಎರಡು ಅಂತ ನಂಬರು ಹಾಕಿ, ಕ್ಯಾಸೆಟ್ಟಿಗೊಂದರಂತೆ ಇಪ್ಪತ್ತೆರಡು ಗುಂಪು ಮಾಡಿದಳು. ಆದರೂ ಯಾವ ಗುಂಪು ಯಾವುದು ಅಂತ ತಿಳಿಯಬೇಕಲ್ಲ. ತುಸು ಯೋಚಿಸಿ, ಮೈಕನ್ನು ಬೆಟ್ಟಮ್ಮನ ಮುಂದೆ ಇಟ್ಟಳು. "ಒಂದೊಂದು ಗುಂಪಿಗೂ ಮೊದಲು ನೀವೇ ಇದು ಇಂಥದ್ದು ಅಂತ ಹೇಳಿ ಅಜ್ಜಿ. ಗುಂಡಿ ಒತ್ತಿದ್ರೆ ನಿಮ್ಮ ಮಾತೇ ಬರುತ್ತೆ."

ಬೆಟ್ಟಮ್ಮ ಸೆರಗು ಸರಿಮಾಡಿಕೊಂಡಳು. "ಇದು ಮಗಳು ಗೌರಿ ಉಟ್ಟಿದ ವರ್ಸ ತಂದಿದ್ದು." "ಇದು ಹೊಗೆಸೊಪ್ಪಿಗೆ ಒಳ್ಳೆ ರೇಟು ಸಿಕ್ದಾಗ." ಒಂದಕ್ಕೂ ಹಾಡಿನ ಹೆಸರು ಹೇಳಲಿಲ್ಲ. ಹದಿನಾಲ್ಕನೆಯದಕ್ಕೆ ಅಂದಳು: "ನನ್ನ ತವರು ದಂಡಿಗನಹಳ್ಳಿಯಿಂದ ಕೊಟ್ಟಿದ್ದ ಕರುನ ಇವ್ರು ನನ್ನ ಕೇಳ್ದೆ ಮಾರ್ಬುಟ್ರು. ಎಂಟು ದಿನ ನಾನು ಮಾತಾಡ್ಲಿಲ್ಲ. ತಪ್ಪಾಯ್ತು ಅಂತ ಬಾಯ್ಬಿಟ್ಟು ಏಳ್ಲಿಲ್ಲ. ಈ ಕ್ಯಾಸೆಟ್ಟು ತಂದು ಒಲೆ ಪಕ್ಕ ಇಟ್ಟು ಒಂಟೋದ್ರು."

ಎರಡು ವಾರ ಕಳೆಯಿತು. ಒಂದು ಮಧ್ಯಾಹ್ನ ಎತ್ತರದ ಮುದುಕನೊಬ್ಬ ಅಂಗಡಿಯ ಬಾಗಿಲಲ್ಲಿ ನಿಂತ. ಕೈಯಲ್ಲಿ ಹಸಿಶುಂಠಿಯ ಕಟ್ಟು, ಜೇಬಿನಲ್ಲಿ ಬೆಟ್ಟಮ್ಮನ ಪ್ಲೇಯರು.

"ನಾನು ಲಕ್ಕಣ್ಣ. ಬೆಟ್ಟಮ್ಮನ ಯಜಮಾನ."

"ಕೆಟ್ಟೋಯ್ತಾ ತಾತ?"

"ಇಲ್ಲ. ಜ್ವಾಳದ ಒಲದಲ್ಲಿ ಕೂತು ಕೇಳ್ತಿದ್ದೆ. ಅವ್ಳು ಕರು ವಿಸ್ಯ ಏಳವ್ಳೆ." ಶುಂಠಿಯ ಮಣ್ಣನ್ನು ಬೆರಳಲ್ಲಿ ಉಜ್ಜಿದ.

"ಅಳಿಸಬೇಕಾ?"

"ಅಯ್ಯೋ ಬ್ಯಾಡ ಕಣವ್ವ! ಅವ್ಳು ಏಳಿದ್ದು ನಿಜ." ಆಮೇಲೆ ಮೆಲ್ಲಗೆ ಕೇಳಿದ, "ಅದರ ಇಂದೆ ಇನ್ನೊಂದು ಮಾತು ಸೇರ್ಸೋಕಾಯ್ತದಾ?"

ವರ್ಷಾ ಮೈಕು ಕೊಟ್ಟಳು. ಲಕ್ಕಣ್ಣ ಗಂಟಲು ಸರಿಮಾಡಿಕೊಂಡ, ಟವೆಲಿನಿಂದ ಮುಖ ಒರೆಸಿಕೊಂಡ, ಇಬ್ಬರ ಮುಖವನ್ನೂ ನೋಡಿದ. ರಂಗಸ್ವಾಮಿ ಅರ್ಥಮಾಡಿಕೊಂಡವನಂತೆ ಟೀ ಕುಡಿಯಲು ಹೊರಗೆ ಹೋದ. ವರ್ಷಾ ಕುರ್ಚಿ ತಿರುಗಿಸಿ ಗೋಡೆ ನೋಡುತ್ತ ಕೂತಳು. ಹಿಂದಿನಿಂದ ಕೊನೆಗೂ ದನಿ ಬಂತು.

"ಆವತ್ತು ತಪ್ಪು ನಂದೇ ಕಣಮ್ಮಿ."

ಮುಂದಿನ ಬುಧವಾರ ಬೆಟ್ಟಮ್ಮ ಬಂದಳು. ಎಂದಿನಂತೆ ಬೆಂಚಿನ ಮೇಲೆ ಕೂತಳು. ವರ್ಷಾಗೆ ಕೇಳದೆ ಇರಲಾಗಲಿಲ್ಲ. "ಹದಿನಾಲ್ಕನೇದು ಕೇಳಿದ್ರಾ ಅಜ್ಜಿ?"

"ಕೇಳ್ದೆ." ಬೆಟ್ಟಮ್ಮ ಕಿಟಕಿಯಾಚೆ ನೋಡಿದಳು. "ಒಲೆ ಮುಂದೆ ಕೂತಿದ್ದೆ. ಇಂದಕ್ಕೆ ಒತ್ತಿ ಒತ್ತಿ ಕೇಳಿ ಸಾರೇ ಸೀದೋಯ್ತು. ಅವ್ರು ಒಂದ್ಮಾತೂ ಆಡ್ದೆ ಸೀದ ಸಾರ್ನೇ ಉಂಡ್ರು."

ಕಣ್ಣು ಒರೆಸಿಕೊಂಡು ಪ್ಲೇಯರನ್ನು ಮೇಜಿನ ಮೇಲಿಟ್ಟಳು.

"ಬಾಯೊಳಗೇ ಗೊಣಗವ್ರೆ. ಅಷ್ಟು ಮಾತ್ರ ಒಸಿ ಗಟ್ಟಿ ಮಾಡ್ಕೊಡವ್ವ."