ಕಾಂತಿಯ ಚಪ್ಪೆ ಪದಾರ್ಥ

ಸಿದ್ಧಕಟ್ಟೆಯ ಆ ಮನೆಯಲ್ಲಿ ಕಾಂತಿಯ ಪಾತ್ರೆ ಬೇರೆಯೇ ಇತ್ತು. ಕಿವಿ ಮುರಿದ ಸಣ್ಣದೊಂದು ಅಲ್ಯೂಮಿನಿಯಂ ಪಾತ್ರೆ. ಅದರಲ್ಲಿ ಆಗುವುದು ಅವಳೊಬ್ಬಳ ಚಪ್ಪೆ ಪದಾರ್ಥ, ಎಂದರೆ ಉಪ್ಪಿಲ್ಲದ ಸಾರು. ಕಿಡ್ನಿ ಡಾಕ್ಟರು ಇನ್ನು ಅಡುಗೆಗೆ ಉಪ್ಪು ಹಾಕಬೇಡಿ ಎಂದ ಮೇಲೆ ಕಾಂತಿ ವ್ರತ ಹಿಡಿದವಳ ಹಾಗೆ ಅದನ್ನು ನಡೆಸಿಕೊಂಡು ಬಂದಿದ್ದಳು. ಆ ಪಾತ್ರೆಗೆ ಬೇರೆ ಯಾರೂ ಸೌಟು ಹಾಕುತ್ತಿರಲಿಲ್ಲ. ಹಾಕುವ ಆಸೆಯಾದರೂ ಯಾರಿಗೆ? ಪಾಣೆಮಂಗಳೂರಿನಲ್ಲಿ ಹೋಟೆಲು ಇಟ್ಟಿರುವ ಗಂಡ ಮುಂಡಪ್ಪನಂತೂ ಅದರ ಮುಚ್ಚಳ ತೆರೆದರೇ ತನ್ನ ನಾಲಗೆ ಕೆಟ್ಟುಹೋಗುತ್ತದೆ ಎನ್ನುವವನು.

ಇಷ್ಟು ಮಾಡಿಯೂ ಕಾಂತಿಯ ಕಾಲು ಬಾತುಕೊಳ್ಳುತ್ತಲೇ ಇತ್ತು. ಲೂಪಸ್ ಎಂಬ ಆ ರೋಗದಲ್ಲಿ ಮೈ ಕಾಯಬೇಕಾದ ಕಣಗಳೇ ಮೈಗೆ ಬಾಯಿ ಹಾಕುತ್ತವೆ. ಅವಳಲ್ಲಿ ಕಿಡ್ನಿಯನ್ನೇ ಹಿಡಿದಿದ್ದವು. ಮಾತ್ರೆ ಬದಲಾಯಿತು, ಮತ್ತೂ ಬದಲಾಯಿತು, ಉರಿಯೂತ ಮಾತ್ರ ಜಗ್ಗಲಿಲ್ಲ. ಕಳೆದ ವಾರ ಡಾಕ್ಟರು ಗಟ್ಟಿ ಇಂಜೆಕ್ಷನ್ ಒಂದರ ಮಾತೆತ್ತಿದರು. ಅದಕ್ಕೂ ಬಗ್ಗದಿದ್ದರೆ ಡಯಾಲಿಸಿಸ್ ಎಂದರು. ಅಮ್ಮನನ್ನು ಇಂಜೆಕ್ಷನ್ನಿಗೆ ಒಪ್ಪಿಸಲೆಂದೇ ಮಗಳು ತೃಷಾ ಈ ಭಾನುವಾರ ಮೂಡುಬಿದಿರೆಯಿಂದ ಬಸ್ಸು ಹತ್ತಿ ಬಂದಿದ್ದಳು.

ತೃಷಾ ಅಲ್ಲಿ ಪಿಎಚ್‌ಡಿ ಮಾಡುತ್ತಿರುವುದು ಇದೇ ಕಣಗಳ ಮೇಲೆ. ರಕ್ತದಿಂದ ಕಾವಲು ಕಣಗಳನ್ನು ಬೇರ್ಪಡಿಸಿ, ಲ್ಯಾಬಿನ ತಟ್ಟೆಯಲ್ಲಿ ಬೆಳೆಸಿ, ಉಪ್ಪು ಏರಿಸಿ ನೋಡುವುದು ಅವಳ ಕೆಲಸ. ಉಪ್ಪು ಏರಿದರೆ ಕಣದೊಳಗೆ ಒಂದು ಜೀನ್ ಎಚ್ಚರಾಗುತ್ತದೆ. ಅದು ಎದ್ದು ಇನ್ನು ಕೆಲವು ಜೀನ್‌ಗಳನ್ನು ಎಬ್ಬಿಸುತ್ತದೆ. ಆಮೇಲೆ ಜಗಳ ಬಿಡಿಸಬೇಕಾದ ಕಣಗಳೂ ಜಗಳಕ್ಕೆ ನಿಲ್ಲುತ್ತವೆ. ಇದು ಪುಸ್ತಕದಲ್ಲಿರುವ ಸಂಗತಿಯೇ. ಅವಳನ್ನು ಕಾಡುತ್ತಿದ್ದದ್ದು ಅದರ ಮುಂದಿನದು: ಉಪ್ಪು ಇಳಿಸಿದರೆ ಆ ಜೀನ್ ಮತ್ತೆ ಮಲಗುತ್ತದೆಯೆ? ಸ್ವಲ್ಪ ಕಾಲ ಉಪ್ಪಿನಲ್ಲಿದ್ದ ಕಣಗಳಲ್ಲಿ ಮಲಗಿತು. ಬಹಳ ಕಾಲ ಇದ್ದವುಗಳಲ್ಲಿ, ಅವಳ ತಟ್ಟೆಗಳ ಮಟ್ಟಿಗಂತೂ, ಮಲಗಲಿಲ್ಲ. ಉಪ್ಪು ಹೋದ ಮೇಲೂ ಅವು ಉಪ್ಪಿನಲ್ಲೇ ಇದ್ದಂತೆ ಕಾದಾಡುತ್ತಿದ್ದವು. ಮತ್ತೊಮ್ಮೆ ಮಾಡಿ ನೋಡಿದರೂ ಅಷ್ಟೇ. ತನ್ನಮ್ಮ ಮೊದಲೇ ಉಪ್ಪು ಬಿಟ್ಟಳಲ್ಲ ಎಂದು ತೃಷಾ ಒಳಗೊಳಗೆ ಸಮಾಧಾನಪಟ್ಟಿದ್ದಳು.

ಮಧ್ಯಾಹ್ನ ಕಾಂತಿ ಒಗ್ಗರಣೆಗೆ ಕರಿಬೇವು ಕೊಯ್ಯಲು ಅಂಗಳಕ್ಕೆ ಇಳಿದಳು. ಒಲೆಯ ಬದಿಯಲ್ಲಿ ಆ ಕಿವಿಮುರುಕ ಪಾತ್ರೆ ಇತ್ತು. ತೃಷಾ ಅದರ ಮುಚ್ಚಳ ತೆಗೆದಳು. ಅಮ್ಮ ದಿನಾ ಎಂಥದ್ದನ್ನು ನುಂಗುತ್ತಾಳೆ, ನೋಡಿಯೇ ಬಿಡುವ ಎಂದು ಅಂಗೈಗೆ ಒಂದಿಷ್ಟು ಸಾರು ಹಾಕಿಕೊಂಡು ನೆಕ್ಕಿದಳು.

ರುಚಿಯಾಗಿತ್ತು. ತೃಷಾ ಮತ್ತೊಮ್ಮೆ ನೆಕ್ಕಿ ನೋಡಿದಳು.

"ಅಮ್ಮ, ಇದು ಯಾರ ಪದಾರ್ಥ?"

"ನನ್ನದೇ," ಎಂದಳು ಕಾಂತಿ, ಹೊಸ್ತಿಲು ದಾಟುತ್ತ.

"ಇದಕ್ಕೆ ಉಪ್ಪು ಹಾಕಿದ್ದೀಯಾ?"

"ದೇವರಾಣೆ ಇಲ್ಲ ಮಗಾ. ನನ್ನ ಪಾತ್ರೆಗೆ ಉಪ್ಪಿನ ಡಬ್ಬ ತೆರೆಯುವುದೇ ಇಲ್ಲ ನಾನು."

ಕಾಂತಿ ಸುಳ್ಳು ಹೇಳುವವಳಲ್ಲ. ಮಗಳ ಅಂಗೈ ನೋಡಿ ಅವಳಿಗೆ ನಗು ಬಂತು, ಒಂದಿಷ್ಟು ಹೆಮ್ಮೆಯೂ ಬಂತು. "ಹೇಗುಂಟು? ಉಪ್ಪಡ್ ಪಚ್ಚಿಲ್ ನೆನೆಹಾಕಿದ ನೀರುಂಟಲ್ಲ, ಅದನ್ನು ನಾನು ಚೆಲ್ಲುದಿಲ್ಲ. ಅದರಲ್ಲೇ ಬೇಯಿಸ್ತೇನೆ."

ಉಪ್ಪಡ್ ಪಚ್ಚಿಲ್ ಎಂದರೆ ಮಳೆಗಾಲಕ್ಕೆಂದು ಭರಣಿಯಲ್ಲಿ ಉಪ್ಪು ಹಾಕಿ ಒತ್ತಿಟ್ಟ ಹಲಸಿನ ಸೊಳೆ. ನೀರಲ್ಲಿ ನೆನೆಹಾಕಿ, ಉಪ್ಪು ಬಿಡಿಸಿ, ಆಮೇಲೆ ಬಳಸಬೇಕು. ಆ ನೀರನ್ನು ಊರಿನವರೆಲ್ಲ ಬಚ್ಚಲಿಗೆ ಚೆಲ್ಲುತ್ತಾರೆ.

"ಉಪ್ಪೆಲ್ಲ ಆ ನೀರಿಗೇ ಬಿಟ್ಟಿರ್ತದಲ್ಲ, ಅಮ್ಮ."

"ಅದು ಸೊಳೆಯ ನೀರು ಮಗಾ. ಉಪ್ಪು ಬೇರೆ, ಉಪ್ಪಡ್ ಬೇರೆ. ಉಪ್ಪು ಹಾಕಬೇಡಿ ಅಂದ್ರು ಡಾಕ್ಟ್ರು. ನಾನು ಹಾಕ್ಲಿಲ್ಲ."

ತೃಷಾ ಬೈಯುವುದಾದರೂ ಹೇಗೆ? ಅಮ್ಮ ಒಂದಕ್ಷರವನ್ನೂ ಮೀರಿರಲಿಲ್ಲ.

"ಯಾವಾಗಿಂದ?"

"ಚಪ್ಪೆ ಶುರು ಮಾಡಿದ ಲಾಗಾಯ್ತು. ಹಲಸಿನದ್ದು ಮುಗಿದ್ರೆ ಭರಣಿಯ ಮಾವಿನಕಾಯಿದ್ದು ಉಂಟಲ್ಲ. ಗಂಟಲಲ್ಲಿ ಇಳಿಯಬೇಕಲ್ಲ ಮಾರಾಯ್ತಿ."

ಹಾಗಾದರೆ ಒಂದು ದಿನವೂ ಬಿಟ್ಟಿಲ್ಲ. ಮಾತ್ರೆ ಬದಲಾಗುತ್ತ ಹೋದ ಅಷ್ಟೂ ಕಾಲ ಆ ಕಣಗಳಿಗೆ ಈ ಪಾತ್ರೆಯಿಂದ ಎರಡು ಹೊತ್ತು ಉಪ್ಪು ಹೋಗುತ್ತಿತ್ತು. ತೃಷಾಳಿಗೆ ತನ್ನ ತಟ್ಟೆಗಳು ನೆನಪಾದವು. ಬೇಡವೆಂದರೂ ಬಹಳ ಕಾಲ ಉಪ್ಪಿನಲ್ಲಿದ್ದವೇ ಕಣ್ಣ ಮುಂದೆ ಬಂದವು.

ಮಗಳ ಮುಖ ನೋಡಿ ಕಾಂತಿಯ ನಗು ಆರಿತು. ಅಲ್ಲೇ ಮಣೆಯ ಮೇಲೆ ಕುಳಿತಳು.

"ತಪ್ಪಾಯ್ತಾ?"

ತೃಷಾ ಪಾತ್ರೆಯ ಮುಚ್ಚಳ ಮುಚ್ಚಿದಳು.

"ಇನ್ನು ಬಿಡ್ತೇನೆ. ಭರಣಿ ಸಮೇತ ಬಿಡ್ತೇನೆ. ಬಿಟ್ರೆ ಸರಿ ಆಗ್ತದಲ್ಲ? ನೀನು ಕಲಿಯುದು ಅದನ್ನೇ ಅಲ್ವಾ?"

ಪುಸ್ತಕ ಓದಿದವರು ಇಂಥ ಹೊತ್ತಿಗೆ ಏನಾದರೂ ಹೇಳಬೇಕು. ತಟ್ಟೆಯ ಕಣ ಬೇರೆ, ಮನುಷ್ಯರ ಮೈ ಬೇರೆ ಎನ್ನಬಹುದಿತ್ತು. ಅದು ಸುಳ್ಳೂ ಅಲ್ಲ. ಆದರೆ ತೃಷಾಳಿಗೆ ಹೆದರಿಕೆಯಾಗಿತ್ತು. ನೆಲದ ಮೇಲೆ ಕುಳಿತು, ಅಮ್ಮನ ಬಾತ ಕಾಲನ್ನು ತೊಡೆಯ ಮೇಲೆಳೆದುಕೊಂಡು, ಹರಡಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದಳು. ಬೆರಳು ತೆಗೆದಾಗ ಅಲ್ಲೊಂದು ಗುಳಿ ಬಿದ್ದಿತ್ತು.

ಕಾಂತಿಯೂ ಬಗ್ಗಿ ನೋಡಿದಳು.

"ಮೇಲೆ ಬರ್ಲಿಕ್ಕೆ ಸ್ವಲ್ಪ ಹೊತ್ತು ಬೇಕು," ಎಂದಳು, ಮಗಳನ್ನೇ ಸಮಾಧಾನ ಮಾಡುವವಳ ಹಾಗೆ.

ಇಬ್ಬರೂ ಕಾದರು. ಗುಳಿ ಹಾಗೆಯೇ ಇತ್ತು.