ಎಪ್ಪತ್ತರ ಗೆರೆ

“ಇದನ್ನ ಯಾರು ಒರಸಿದ್ರು?”

ಕಾವೇರಿ ಕೇಳಿದ ದನಿಗೆ ಅಡುಗೆಮನೆಯಲ್ಲಿ ಹೂರಣದ ಉಂಡೆ ಕಟ್ಟುತ್ತಿದ್ದ ಅಜ್ಜಿ ರುಕ್ಮವ್ವನ ಕೈ ಅಲ್ಲೇ ನಿಂತಿತು. ಮಾರ್ಕೆಟ್ಟಿನಿಂದ ಬಾಳೆಎಲೆಯ ಕಟ್ಟು ಹೊತ್ತು ತಂದ ಹುಡುಗಿ ಅದನ್ನು ಹೊಸ್ತಿಲಲ್ಲೇ ಒಗೆದು, ಪಡಸಾಲೆಯ ಪೂಜೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು.

ಖಂಡೇನವಮಿ. ಹಾಸಿದ ಕಂಬಳಿಯ ಮೇಲೆ ಅಪ್ಪ ರಾಮಪ್ಪನ ಸ್ಪ್ಯಾನರು, ಸುತ್ತಿಗೆ, ಅಳತೆಯ ಸಾಮಾನು, ಅಜ್ಜಿಯ ಈಳಿಗೆ, ಹಳೆಯ ಕುಡಗೋಲು ಎಲ್ಲ ಸಾಲಾಗಿ ಕೂತಿದ್ದವು. ನಟ್ಟನಡುವೆ ಅವಳ ಬಿಲ್ಲು. ಅದಕ್ಕೆ ವಿಭೂತಿ ಎಳೆದು, ಕುಂಕುಮ ಇಟ್ಟು, ಹಿತ್ತಿಲಿನ ದಾಸವಾಳ ಏರಿಸಿದ್ದರು. ಮೈಯೆಲ್ಲ ಫಳಫಳ ಹೊಳೆಯುತ್ತಿತ್ತು. ಅನಾಹುತವಾಗಿದ್ದು ಆ ಹೊಳಪಿನಿಂದಲೇ.

ಬಿಲ್ಲಿನ ಬದಿಗೆ ಗೇಣುದ್ದದ ಅಲ್ಯುಮಿನಿಯಂ ಪಟ್ಟಿಯೊಂದಿರುತ್ತದೆ. ಅದರ ಮೇಲೆ ಸಣ್ಣ ಉಂಗುರವೊಂದು ಮೇಲೆ ಕೆಳಗೆ ಸರಿಯುತ್ತದೆ. ಅದನ್ನು ಸೈಟ್ ಅನ್ನುತ್ತಾರೆ. ಆ ಉಂಗುರದೊಳಗಿಂದಲೇ ಗುರಿ ನೋಡಬೇಕು. ಗುರಿ ದೂರವಾದಷ್ಟೂ ಉಂಗುರ ಕೆಳಗಿಳಿಯಬೇಕು. ಮೂವತ್ತು ಮೀಟರಿಗೆ ಎಲ್ಲಿ, ಐವತ್ತಕ್ಕೆ ಎಲ್ಲಿ, ಎಪ್ಪತ್ತಕ್ಕೆ ಎಲ್ಲಿ ಎಂಬುದನ್ನು ಬಾಣ ಹೊಡೆದು ಹೊಡೆದೇ ಕಂಡುಕೊಳ್ಳಬೇಕು. ಕಾವೇರಿ ಕೊಂಡಿದ್ದು ಯಾರೋ ಬಳಸಿ ಬಿಟ್ಟ ಸೈಟ್. ಅದರ ಅಂಕಿಗಳೆಲ್ಲ ಎಂದೋ ಸವೆದಿದ್ದವು. ಅವಳು ಕಾಗದದ ಪಟ್ಟಿ ಅಂಟಿಸಿ, ಮೂರು ವಾರ ಭುಜ ಹಿಡಿದುಕೊಳ್ಳುವಷ್ಟು ಬಾಣ ಬಿಟ್ಟು, ಪೆನ್ಸಿಲಿನಲ್ಲಿ ಕೂದಲಿನಷ್ಟು ಸಣ್ಣ ಗೆರೆಗಳನ್ನು ಹಾಕಿಕೊಂಡಿದ್ದಳು. ಫೋಟೊ ತೆಗೆದಿಟ್ಟುಕೊಂಡಿರಲಿಲ್ಲ. ಅದಕ್ಕಾಗಿ ತನ್ನ ಕಪಾಳಕ್ಕೆ ತಾನೇ ಹೊಡೆದುಕೊಳ್ಳಬೇಕು ಅನ್ನಿಸಿತು.

ಈಗ ಅಲ್ಲಿ ಕಾಗದವೂ ಇರಲಿಲ್ಲ, ಗೆರೆಯೂ ಇರಲಿಲ್ಲ. ಉಂಗುರವನ್ನು ಬಿಚ್ಚಿ ತೊಳೆದು ಎಲ್ಲೋ ಒಂದು ಕಡೆ ಕೂಡಿಸಿದ್ದರು.

ಹಿತ್ತಿಲಿನಿಂದ ರಾಮಪ್ಪ ಕೈ ಒರೆಸಿಕೊಳ್ಳುತ್ತ ಬಂದ. ತಾರಿಹಾಳದ ಶೆಡ್ಡೊಂದರಲ್ಲಿ ಮೂವತ್ತು ವರ್ಷದಿಂದ ಲೇಥ್ ಓಡಿಸುವ ಮನುಷ್ಯ. ಅವನ ಮುಖದಲ್ಲಿ ಎಂದೂ ಇಲ್ಲದ ಹುರುಪಿತ್ತು.

“ನೋಡಿದೇನು? ಥಿನ್ನರ್ ಹಾಕಿ ತಿಕ್ಕೇನಿ. ಅದೇನೋ ಹೊಲಸು ಕಾಗದ ಹತ್ತಿತ್ತು, ಕೆರದು ಕೆರದು ತಗದೆ.”

“ಅದು ಹೊಲಸಲ್ರಿ! ಅದು ನನ್ನ ಅಳತಿ! ನಾಡಿದ್ದು ಧಾರವಾಡದಾಗ ಆಯ್ಕೆ ಐತಿ, ಏನಂತ ಒರಸಿದ್ರಿ? ಯಾಕ ಒರಸಿದಿ? ಯಾರು ಮುಟ್ಟಂದ್ರು ನಿನಗ?”

‘ರಿ’ ನಡುದಾರಿಯಲ್ಲೇ ಬಿದ್ದುಹೋಗಿತ್ತು. ಇಪ್ಪತ್ತು ವರ್ಷದಲ್ಲಿ ಕಾವೇರಿ ಅಪ್ಪನಿಗೆ ‘ನೀ’ ಅಂದವಳಲ್ಲ. ರುಕ್ಮವ್ವ ಹೂರಣದ ಕೈಯಲ್ಲೇ ಓಡಿ ಬಂದಳು.

“ಅಪ್ಪಗ ನೀ ಅಂತಿ? ಹಬ್ಬದ ದಿನ? ನಾಲಿಗಿಗೆ ಎಲುಬಿಲ್ಲಂತ ಹೆಂಗ ಬೇಕಾದ್ರ ಹಂಗ ಹೊರಳಸ್ತೀ? ನಿನ್ನೆ ರಾತ್ರಿನಿಂದ ಅದನ್ನ ತಿಕ್ಕಾಕತ್ತಾನ ಅಂವ. ತನ್ನ ಸಾಮಾನು ಬಿಟ್ಟು ಮೊದಲ ನಿಂದ ತೊಳದಾನ.”

ಅದೇ ಕಾವೇರಿಗೆ ಇನ್ನಷ್ಟು ಉರಿ ತಂದಿತು. ನಾಲ್ಕು ವರ್ಷದಿಂದ “ಆಟದ ಸಾಮಾನಿಗೆ ಎಂಥಾ ಪೂಜಿ?” ಎಂದು ಬಿಲ್ಲನ್ನು ಕಂಬಳಿಯ ಹತ್ತಿರ ಸುಳಿಯಗೊಡದವನು ಇವನೇ. ಈ ಸಲ ತಾನಾಗಿಯೇ ನಡುವೆ ಇಟ್ಟಿದ್ದ. ಬೈದು ಹಾಳು ಮಾಡಿದ್ದರೆ ತಿರುಗಿ ಬೈಯಬಹುದಿತ್ತು. ಪ್ರೀತಿಯಿಂದ ಹಾಳು ಮಾಡಿದವನನ್ನು ಏನು ಮಾಡಬೇಕು? ಡಿಸೆಂಬರಿಗೆ ಅವಳಿಗೆ ಇಪ್ಪತ್ತೊಂದು ತುಂಬುತ್ತದೆ. ಜೂನಿಯರ್ ತಂಡಕ್ಕೆ ಇದೇ ಕೊನೆಯ ಆಯ್ಕೆ. ಹೊಡೆಯಬೇಕಾದದ್ದು ಎಪ್ಪತ್ತು ಮೀಟರಿನಿಂದ. ಅಂದು ತಾಲೀಮಿಗೆ ಸಿಗುವುದು ಆರೇ ಬಾಣ.

“ನಿಮ್ಮ ಶೆಡ್ಡಿನ ಶಹಬಾಜ ಕಾಕಾ ಒಮ್ಮೆ ನೀ ಹಾಕಿದ ಮಾರ್ಕಿಂಗ್ ಒರಸಿದ್ದಕ್ಕ ಎಂಟ ದಿನಾ ಮಾತು ಬಿಟ್ಟಿದ್ದಿ,” ಎಂದಳು. “ಕಬ್ಬಿಣದ ಮ್ಯಾಲಿನ ನಿನ್ನ ಗೆರಿ ಗೆರಿ. ನನ್ನ ಗೆರಿ ಹೊಲಸು!”

ರಾಮಪ್ಪನ ಹುರುಪು ಇಳಿಯಿತು. ಅವನು ಬಗ್ಗಿ ಆ ಪಟ್ಟಿಯನ್ನೇ ನೋಡಿದ.

ಕಾವೇರಿ ಬಿಲ್ಲಿಗೆ ಕೈ ಹಾಕಿದಳು.

“ಏಯ್, ಎತ್ತಬ್ಯಾಡ!” ರುಕ್ಮವ್ವ ಚೀರಿದಳು. “ಪೂಜಿ ಆದ ಆಯುಧ ನಾಳೆ ಬನ್ನಿ ಮುಡಿಯೂತನಕ ಎತ್ತಬಾರದು. ಮನಿಗೆ ಕೇಡು!”

“ಆಗೂದು ಆಗೇತಿ.”

ದಾಸವಾಳ ಉದುರಿ ಸ್ಪ್ಯಾನರುಗಳ ಮೇಲೆ ಬಿತ್ತು. ಅವಳು ಚೀಲ ಬೆನ್ನಿಗೇರಿಸಿ ಸ್ಕೂಟಿ ಹತ್ತಿದಳು.

ಗಬ್ಬೂರಿನ ಬೈಪಾಸ್ ಆಚೆಗಿರುವ ಶಾಲೆಯ ಮೈದಾನವೇ ಅವಳ ತಾಲೀಮಿನ ಜಾಗ. ಕಾವಲುಗಾರ ಯಲ್ಲೇಶ ಗೇಟಿನಲ್ಲೇ ತಡೆದ. “ಆರೂವರಿಗೆ ಕೀಲಿ ಹಾಕಿ ಊರಿಗೆ ಹೊಂಟೇನ್ರೀ ಅಕ್ಕಾರ. ನಾಳೆ, ನಾಡಿದ್ದು ತಗಿಯೂದಿಲ್ಲ,” ಎಂದ. ಆಗ ನಾಲ್ಕು ಗಂಟೆ.

ಮೂವತ್ತು ಬೇಗ ಸಿಕ್ಕಿತು. ಹತ್ತಿರದ ಗೆರೆ ಸಿಗದೆ ದೂರದ್ದಕ್ಕೆ ಜಿಗಿಯುವಂತಿಲ್ಲ. ಬೆರಳಿಗೆ ಸುತ್ತುವ ಟೇಪನ್ನೇ ಪಟ್ಟಿಗೆ ಅಂಟಿಸಿ ಪೆನ್ನಿನಲ್ಲಿ ಗೆರೆ ಎಳೆದಳು. ಐವತ್ತರಲ್ಲಿ ಸಿಟ್ಟು ಕೈಗೆ ಬಂತು. ಉಸಿರು ಹಿಡಿಯುವಾಗೆಲ್ಲ ಥಿನ್ನರಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಬಾಣಗಳು ಟಾರ್ಗೆಟ್ಟಿನ ಕೆಳಗಂಚಿಗೆ, ಕೆಲವು ಹುಲ್ಲಿಗೆ ಬಿದ್ದವು.

ಹಿಂದೆ ಬೈಕು ನಿಂತ ಸದ್ದಾಯಿತು. ಅವಳು ತಿರುಗಲಿಲ್ಲ.

“ಕೆಳಗ ಬೀಳಾಕತ್ತಾವ,” ರಾಮಪ್ಪನ ದನಿ. “ಅದನ್ನ ಮ್ಯಾಲ ಏರಸಬೇಕಲ್ಲ?”

“ಇಳಸಬೇಕು. ಅದು ಇಳದ್ರ ಕೈ ಏರತೈತಿ. ಗೊತ್ತಿಲ್ಲದ್ರ ಬಾಯಿ ಮುಚ್ಚಿಕೊಂಡು ನಿಂದ್ರು.”

ಅವನು ಬಾಯಿ ಮುಚ್ಚಿಕೊಂಡು ನಿಂತ. ಶೆಡ್ಡಿನಲ್ಲಿ ಮಾಲಕನಿಗೂ ತಿರುಗಿ ಮಾತಾಡುವವನು. ಅವಳು ಸ್ಕ್ರೂ ಸಡಿಲಿಸಿ ಉಂಗುರವನ್ನು ಎಳ್ಳಿನಷ್ಟು ಇಳಿಸಿದಳು, ಹೊಡೆದಳು, ಮತ್ತೆ ಇಳಿಸಿದಳು. ಬಾಣ ತರಲು ಹೊರಟಾಗ ಅವನು ಆಗಲೇ ಅರ್ಧ ದಾರಿಯಲ್ಲಿದ್ದ. ಬಗ್ಗಿ ಹುಲ್ಲು ಸರಿಸಿ ಒಂದೊಂದನ್ನೇ ಹೆಕ್ಕಿ, ಧೋತರದ ಅಂಚಿನಲ್ಲಿ ಮಣ್ಣು ಒರೆಸಿ ತಂದುಕೊಟ್ಟ. ಅವಳು ಮುಖ ನೋಡದೆ ಇಸಿದುಕೊಂಡಳು. ಇಷ್ಟಕ್ಕೆಲ್ಲ ಕರಗುವ ಸಿಟ್ಟಾಗಿರಲಿಲ್ಲ ಅದು.

ಎಪ್ಪತ್ತಕ್ಕೆ ಬಂದಾಗ ಆರಕ್ಕೆ ಹತ್ತು ನಿಮಿಷ. ಮೊದಲ ಮೂರು ಬಾಣ ಹುಲ್ಲು ಸೇರಿದವು. ಇಳಿಸಿದಳು. ಮುಂದಿನ ಮೂರು ಟಾರ್ಗೆಟ್ಟಿನ ನೆತ್ತಿ ಸವರಿ ಹಿಂದಿನ ಬಲೆಗೆ ಹೋದವು. ತುಸು ಏರಿಸಿದಳು. ಟಾರ್ಗೆಟ್ಟಿನ ಬಣ್ಣಗಳು ಒಂದರೊಳಗೊಂದು ಕಲೆಯತೊಡಗಿದ್ದವು. ನಟ್ಟನಡುವಿನ ಹಳದಿ ಮಾತ್ರ ಇನ್ನೂ ಕಾಣುತ್ತಿತ್ತು. ಗೇಟಿನಲ್ಲಿ ಯಲ್ಲೇಶ ಕೀಲಿಗೊಂಚಲು ಅಲ್ಲಾಡಿಸುತ್ತಿದ್ದ.

ಕೊನೆಗೆ ಮೂರು ಬಾಣ ಬಿಟ್ಟಳು. ರಾಮಪ್ಪ ಓಡಿದ. ಐವತ್ತೈದರ ಮನುಷ್ಯ ಮೈದಾನದ ಉದ್ದಕ್ಕೂ ಓಡಿ, ಟಾರ್ಗೆಟ್ಟಿನ ಮುಂದೆ ಬಗ್ಗಿ, ಅಲ್ಲಿಂದಲೇ ಕೂಗಿದ:

“ಹಳದ್ಯಾಗ! ಮೂರೂ ಹಳದ್ಯಾಗ!”

ಅವಳು ಕಲ್ಲಿನ ಮೇಲೆ ಕೂತು ಬಿಲ್ಲನ್ನು ತೊಡೆಗಡ್ಡ ಇಟ್ಟುಕೊಂಡು ಪೆನ್ನು ತೆಗೆದಳು. ಏದುಸಿರು ಬಿಡುತ್ತ ಬಂದ ಅವನು, “ಪೆನ್ನು ಬ್ಯಾಡ, ಅದು ಮತ್ತ ಹೋಗತೈತಿ,” ಎಂದು ಅಂಗಿಯ ಕಿಸೆಯಿಂದ ಸ್ಕ್ರೈಬರ್ ತೆಗೆದ. ಲೋಹದ ಮೇಲೆ ಗೆರೆ ಗೀರುವ ಚೂಪಾದ ಉಕ್ಕಿನ ಕಡ್ಡಿ. ಅದರ ಹಿಡಿಯ ಮೇಲೆ ಕುಂಕುಮ ಹಾಗೇ ಇತ್ತು. ಮೂವತ್ತು ವರ್ಷದಲ್ಲಿ ಖಂಡೇನವಮಿಯ ದಿನ ಅವನು ಒಂದು ನಟ್ಟನ್ನೂ ಕಂಬಳಿಯಿಂದ ಎತ್ತಿದವನಲ್ಲ.

“ಕೊಡು, ಹಾಕತೇನಿ.”

“ನೀ ಮುಟ್ಟಬ್ಯಾಡ.”

ಅವನು ಕಡ್ಡಿಯನ್ನು ಅವಳ ಕೈಗೇ ಕೊಟ್ಟ. ಅವಳು ಟೇಪು ಕಿತ್ತು, ಉಂಗುರದ ಅಂಚಿಗೆ ಮೊನೆ ಹಚ್ಚಿ ಒತ್ತಿದಳು. ಒಗ್ಗದ ಕೈ. ಪಟ್ಟಿ ಅಲ್ಲಾಡಿತು, ಮೊನೆ ಕುಣಿಯಿತು, ಗೆರೆ ಹತ್ತಲಿಲ್ಲ. ರಾಮಪ್ಪ ಕೇಳದೆಯೇ ಮಂಡಿಯೂರಿ, ಪಟ್ಟಿಯ ಕೆಳಗೆ ಅಂಗೈ ಆನಿಸಿ, ಹೆಬ್ಬೆರಳಿನಿಂದ ಅದನ್ನು ಬಿಗಿಯಾಗಿ ಹಿಡಿದ.

“ಈಗ ಎಳಿ.”

ಎಳೆದಳು. ಮೊನೆ ಜಾರಿ ನೇರ ಅವನ ಹೆಬ್ಬೆರಳನ್ನು ಸೀಳಿತು. ಅವನು ಹಲ್ಲು ಕಚ್ಚಿದ. ಕೈ ಮಾತ್ರ ಅಲ್ಲಾಡಲಿಲ್ಲ.

“ಕೈ ತಗಿ,” ಎಂದಳು.

“ತಗದ್ರ ಪಟ್ಟಿ ಸರೀತೈತಿ. ಬೆಳಕು ಹೋಗಾಕತ್ತೇತಿ, ನೀ ಗೆರಿ ಮುಗಸು.”

ಕಾವೇರಿ ರಕ್ತವನ್ನು ಒಮ್ಮೆ ನೋಡಿದಳು. ಆಮೇಲೆ ಮೊನೆಯನ್ನು ಅದೇ ಜಾಗಕ್ಕೆ ಹಚ್ಚಿ, ಮೊದಲಿಗಿಂತ ಜೋರಾಗಿ ಒತ್ತಿ ಎಳೆದಳು.