ರಾಜೇಸಾಬನ ಅಂಗಿಯ ಮೈಕು

ನಾನು ಒಂದು ಮೈಕು. ಸಭೆಗಳಲ್ಲಿ ಕಂಬದ ಮೇಲೆ ನಿಂತು ಗುಡುಗುವ ದೊಡ್ಡ ಜಾತಿಯವನಲ್ಲ. ಅಂಗಿಗೆ ಸಿಕ್ಕಿಸುವ, ಕಡಲೆಕಾಳಿನಷ್ಟು ಗಾತ್ರದವನು. ದೂರದ ಯಾವುದೋ ಕಾರ್ಖಾನೆಯಲ್ಲಿ ಒಬ್ಬ ಹೆಣ್ಣುಮಗಳು ನನ್ನ ಹೊಟ್ಟೆಗೆ ಕೂದಲೆಳೆಯಂಥ ತಂತಿ ಬೆಸೆದು, ಬಾಯಿಯ ಹತ್ತಿರ ಹಿಡಿದು ಉಫ್ ಎಂದು ಊದಿದಳು. ನಾನು ಕೇಳಿದ ಮೊದಲ ಸದ್ದು ಆ ಉಸಿರು.

ಅಲ್ಲಿಂದ ಹುಬ್ಬಳ್ಳಿಯ ಒಂದು ಸುದ್ದಿವಾಹಿನಿಯ ಕಚೇರಿಗೆ ಬಂದೆ. ನನ್ನನ್ನು ಸಿಕ್ಕಿಸುವುದು ಎದೆಯ ಮೇಲಲ್ಲವೇ? ಹಾಗಾಗಿ ಜನ ಆಡುವ ಮಾತಿನ ಜೊತೆ ಒಳಗೆ ಬಡಿಯುವುದೂ ನನಗೆ ಕೇಳಿಸುತ್ತದೆ. ಮಂತ್ರಿಗಳ ಎದೆ ಕೇಳಿದ್ದೇನೆ, ಮಠಾಧೀಶರ ಎದೆಯನ್ನೂ ಕೇಳಿದ್ದೇನೆ. ಆದರೆ ಅಂಜಿಕೆ ಎಂದರೇನೆಂದು ಗೊತ್ತಾದದ್ದು ವತ್ಸಲಾ ಹಂದ್ರಾಳ ಎಂಬ ವರದಿಗಾರ್ತಿಯಿಂದ. ಹೊಳೆ ಉಕ್ಕಿ ಬಂದ ದಿನ ಅವಳು ಅಲುಗಾಡುವ ಸೇತುವೆಯ ಮೇಲೆ ನಿಂತು ನೇರಪ್ರಸಾರ ಮಾಡಿದಳು. ಧ್ವನಿ ಎಳ್ಳಷ್ಟೂ ನಡುಗಲಿಲ್ಲ. ಒಳಗೆ ಮಾತ್ರ ಹಲಗೆ ಬಡಿದಂತೆ ಬಡಿದುಕೊಳ್ಳುತ್ತಿತ್ತು.

ಹದಿಮೂರು ವರ್ಷ ಅವಳು ಸುದ್ದಿ ಹೇಳಿದಳು. ಕೊನೆಯ ವರ್ಷ ಬೆಣಚಿನಾಳ ಎಂಬ ಊರಿಗೆ ಹೋದೆವು. ಅಲ್ಲೊಂದು ಪೌಡರ್ ಮಿಲ್ಲು. ಬೆಣಚುಕಲ್ಲನ್ನು ಮೈದಾಹಿಟ್ಟಿನಷ್ಟು ನುಣ್ಣಗೆ ಬೀಸಿ ಚೀಲ ತುಂಬುತ್ತಾರೆ. ಆ ಧೂಳು ಕುಡಿದ ಆಳುಗಳು ನಲವತ್ತು ದಾಟುವ ಮೊದಲೇ ಕೆಮ್ಮಿ ಕೆಮ್ಮಿ ಸಾಯುತ್ತಾರೆ. ವತ್ಸಲಾ ಮೂರು ದಿನ ಚಿತ್ರೀಕರಿಸಿದಳು. ವಾಹಿನಿ ತೋರಿಸಿದ್ದು ನಲವತ್ತು ಸೆಕೆಂಡು. ಮರುವಾರ ಅವಳು ರಾಜೀನಾಮೆ ಕೊಟ್ಟಳು. ಹಳೆಯ ಸಾಮಾನಿನ ಪೆಟ್ಟಿಗೆಯಲ್ಲಿದ್ದ ನನ್ನನ್ನು ಕೇಳಿ ತೆಗೆದುಕೊಂಡಳು. ನನ್ನ ತಂತಿಯ ತುದಿಗೆ ಬೆಂಕಿಪೊಟ್ಟಣದಷ್ಟು ರೆಕಾರ್ಡರ್ ಜೋಡಿಸಿ, "ಇನ್ಮ್ಯಾಲೆ ನಾವಿಬ್ಬರ ನೋಡಪಾ" ಎಂದಳು.

ಹೀಗೆ ಅವಳು ಸಾಕ್ಷ್ಯಚಿತ್ರ ಮಾಡುವವಳಾದಳು. ಜೋಗತಿಯರ ಮೇಲೊಂದು, ಉಪ್ಪಿನ ಆಗರದ ಹೆಂಗಸರ ಮೇಲೊಂದು ಚಿತ್ರ ಮಾಡಿದಳು. ಆದರೆ ಅವಳ ಮನಸ್ಸು ಬೆಣಚಿನಾಳವನ್ನು ಬಿಟ್ಟಿರಲಿಲ್ಲ. ನಾಲ್ಕು ವರ್ಷದ ಮೇಲೆ ಮತ್ತೆ ಹೋದೆವು. ಮೊದಲು ಮಾತಾಡಿದ್ದವರು ಈಗ ಬಾಗಿಲು ಹಾಕಿಕೊಂಡರು. ಕೆಲವರು ಮಾತಾಡಲು ಉಳಿದೇ ಇರಲಿಲ್ಲ.

ಬಾಗಿಲು ತೆರೆದವನು ರಾಜೇಸಾಬ ಒಬ್ಬನೇ. ಹತ್ತೊಂಬತ್ತು ವರ್ಷ ಅದೇ ಮಿಲ್ಲಿನ ಮೇಸ್ತ್ರಿ. ಒಂದು ಬೆಳಗ್ಗೆ ಅವನ ಪಡಸಾಲೆಯಲ್ಲಿ ಕೂತೆವು. ವತ್ಸಲಾ ನನ್ನನ್ನು ಅವನ ಅಂಗಿಗೆ ಸಿಕ್ಕಿಸಿ ರೆಕಾರ್ಡರನ್ನು ಚಾಲೂ ಮಾಡಿ ಅವನ ಕಿಸೆಗೆ ಹಾಕಿದಳು. ಅವನ ಎದೆಯೊಳಗೆ ಒಣ ಎಲೆಯ ಮೇಲೆ ಯಾರೋ ನಡೆದಂತೆ ಸದ್ದು.

"ಧೂಳು ಎಳಿಯೋ ಮಷೀನ್ ಐತ್ರಿ ಅಕ್ಕಾರ," ಎಂದ. "ಆಫೀಸರ್ ಬರೋ ದಿನ ಅಷ್ಟ ಚಾಲೂ ಮಾಡ್ತೀವಿ. ಉಳಿದ ದಿನ..."

ಹೊರಗೆ ಮೋಟರ್‌ಸೈಕಲ್ ನಿಂತಿತು. ಇಬ್ಬರು ಹೊಸ್ತಿಲಲ್ಲಿ ನಿಂತರು. "ರಾಜೇಸಾಬ, ಮ್ಯಾನೇಜರ್ ಸಾಹೇಬ್ರು ಕರೀತಾರ. ಈಗಿಂದೀಗ."

ರಾಜೇಸಾಬ ಹೆಗಲ ಮೇಲಿನ ಟವೆಲನ್ನು ಕುತ್ತಿಗೆಗೆ ಸುತ್ತಿಕೊಂಡು ಎದ್ದ. ನಾನು ಟವೆಲಿನ ಕೆಳಗೆ ಮರೆಯಾದೆ. ಗಾಡಿ ಹೊರಟಾಗ ಹಿಂದಿನಿಂದ ವತ್ಸಲಾ "ಕಾಕಾ!" ಎಂದು ಒಮ್ಮೆ ಕೂಗಿದ್ದು ಕೇಳಿಸಿತು. ನನ್ನನ್ನು ಬಿಚ್ಚಿಕೊಳ್ಳಲು ಅವಳು ಮರೆತಿದ್ದಳು. ಆ ಇಬ್ಬರ ಎದುರು ಹೇಳುವಂತೆಯೂ ಇರಲಿಲ್ಲ.

ಮಿಲ್ಲಿನ ಗೇಟಿನ ಬಳಿ ರಾಜೇಸಾಬನ ಬೆರಳು ಟವೆಲಿನೊಳಗೆ ಬಂದು ನನ್ನನ್ನು ಮುಟ್ಟಿತು. ಎದೆ ಒಂದು ಬಡಿತ ತಪ್ಪಿತು. ಬೆರಳು ಹಿಂದೆ ಸರಿಯಿತು.

"ಟಿವಿ ಹೆಣ್ಮಗಳು ಬಂದಾಳಂತಲ್ಲ?" ಮ್ಯಾನೇಜರನ ಧ್ವನಿ ತಣ್ಣಗಿತ್ತು.

"ಬಂದಾರ್ರಿ. ಚಾ ಕುಡುದು ಹೊಂಟಿದ್ರು."

"ನಾಳೆ ಆಫೀಸರ್ ಬರ್ತಾನ. ಮಷೀನ್ ಹಚ್ಚಸು. ಕೆಮ್ಮೋ ಮಂದೀನ ಯಾರನ್ನೂ ಗೇಟಿನೊಳಗ ಬಿಡಬ್ಯಾಡ."

ರಾಜೇಸಾಬ ಎರಡು ಹೆಜ್ಜೆ ಮೇಜಿನ ಹತ್ತಿರ ಹೋದ. "ಯಾರ್ಯಾರಂತ ಹೇಳಿಬಿಡ್ರಿ ಸಾಹೇಬ್ರ. ನನಗ ನೆಪ್ಪು ಉಳಿಯಂಗಿಲ್ಲ."

ಮ್ಯಾನೇಜರ್ ಹನ್ನೊಂದು ಹೆಸರು ಹೇಳಿದ. ಒಂದೊಂದೂ ಸ್ಪಷ್ಟವಾಗಿ ನನ್ನೊಳಗೆ ಇಳಿಯಿತು. ಆಮೇಲೆ ಕುರ್ಚಿ ಕಿರ್ ಎಂದಿತು.

"ಇಂಥಾ ಬ್ಯಾಸಗ್ಯಾಗ ಟವೆಲ್ ಯಾಕೋ ಸುತ್ಕೊಂಡೀ? ತಗಿ."

"ಥಂಡಿ ಹತ್ತೈತ್ರಿ."

"ತಗಿ ಅಂದೆ."

ಹೆಜ್ಜೆ ಹತ್ತಿರ ಬಂದವು. ನಾನು ಬರೀ ತಂತಿ ಮತ್ತು ತಗಡು. ಆದರೂ ಆ ಗಳಿಗೆ ನನ್ನ ಉಸಿರೂ ನಿಂತಿತು ಎಂದೇ ಹೇಳಬೇಕು. ಟವೆಲಿನ ತುದಿಯನ್ನು ಯಾರೋ ಹಿಡಿದರು. ಅಷ್ಟರಲ್ಲಿ ರಾಜೇಸಾಬನಿಗೆ ಕೆಮ್ಮು ಎದ್ದಿತು. ಮೊದಲ ಎರಡು ಬೇಕೆಂದೇ ಕೆಮ್ಮಿದ್ದು. ಮೂರನೆಯದು ಅವನ ಕೈಮೀರಿತು. ಬಗ್ಗಿ, ಮೊಣಕಾಲೂರಿ, ಕರುಳು ಕಿತ್ತುಬರುವಂತೆ ಕೆಮ್ಮಿದ. ಬಿಸಿಯಾದ ಏನೋ ಟವೆಲಿಗೆ ಹತ್ತಿ ನನ್ನ ತನಕ ಬಂತು. ರಕ್ತ.

"ಥೂ! ಹೊರಗ ಹೋಗು, ಹೊರಗ!" ಎಂದು ಮ್ಯಾನೇಜರ್ ಹಿಂದೆ ಜಿಗಿದ.

ಮನೆ ಮುಟ್ಟಿದಾಗ ಮಧ್ಯಾಹ್ನ. ಹೆಂಡತಿ ಹುಸೇನಬಿ ವತ್ಸಲಾಳ ಎದುರು ಕೂತು ಅಳುತ್ತಿದ್ದಳು. "ನೀ ನಿಮ್ಮೂರಿಗೆ ಹೋಕ್ಕೀ ತಂಗಿ, ನಾವೆಲ್ಲಿಗೆ ಹೋಗೂಣು?" ರಾಜೇಸಾಬ ನಗುತ್ತ ಒಳಗೆ ಬಂದು, "ಚಾ ಇಡು, ಏನಾಗಿಲ್ಲ" ಎಂದ.

ವತ್ಸಲಾ ಧ್ವನಿಮುದ್ರಣವನ್ನು ಪೂರ್ತಿ ಕೇಳಿದಳು. ಕಿವಿಯಿಂದ ತಂತಿ ತೆಗೆದು ರೆಕಾರ್ಡರನ್ನು ಕೈಗೆತ್ತಿಕೊಂಡಳು. "ಅಳಿಸಿಬಿಡ್ತೀನಿ ಕಾಕಾ. ನಂದ ತಪ್ಪು. ಇದರಿಂದ ನಿಮ್ಮ ಜೀವಕ್ಕ ಕುತ್ತು."

"ನಾ ಮರ್ತಿದ್ದೆ ಅಂದ್ಕೊಂಡ್ರೇನು? ಗೇಟಿನ್ಯಾಗ ಕಿತ್ತು ಒಗಿಬೌದಿತ್ತು. ಒಗೀಲಿಲ್ಲ."

"ಹಂಗಾರ ಮಾರಿ ತೋರ್ಸಂಗಿಲ್ಲ, ಧ್ವನಿ ಬದಲಿಸ್ತೀನಿ."

"ಕೆಮ್ಮು ಬದಲಿಸಾಕ ಬರತೈತೇನ್ರಿ? ನಮ್ಮೂರಾಗ ಯಾವ ಕೆಮ್ಮು ಯಾರದಂತ ಸಣ್ಣ ಕೂಸಿಗೂ ಗೊತ್ತೈತಿ." ಅವನು ಚಹಾ ಬಸಿಗೆ ಸುರಿದುಕೊಂಡ. "ಹ್ಯಾಂಗೈತಿ ಹಂಗ ತೋರ್ಸ್ರಿ."

ಎಂಟು ತಿಂಗಳ ಮೇಲೆ ಜಿಲ್ಲಾ ಕೇಂದ್ರದಲ್ಲಿ ಚಿತ್ರ ತೋರಿಸಿದರು. ಆ ದಿನ ಎಲ್ಲಿಗಾದರೂ ಹೋಗಿರಿ ಎಂದು ವತ್ಸಲಾ ರಾಜೇಸಾಬನನ್ನು ಗೋಗರೆದಿದ್ದಳು. ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದಿನ ಸಾಲಿನಲ್ಲೇ ಕೂತಿದ್ದ. ನಾನು ವತ್ಸಲಾಳ ಎದೆಯ ಮೇಲಿದ್ದೆ. ಮಿಲ್ಲಿನ ಮೂವರು ಬಾಗಿಲ ಬಳಿ ನಿಂತಿದ್ದರು. ತೆರೆಯ ಮೇಲೆ ಆ ಕೆಮ್ಮು ಶುರುವಾಯಿತು. ಅದೇ ಹೊತ್ತಿಗೆ ಮುಂದಿನ ಸಾಲಿನಿಂದ ಅದೇ ಕೆಮ್ಮು ಎದ್ದಿತು. ಇಡೀ ಸಭೆ ತಿರುಗಿ ನೋಡಿತು. ರಾಜೇಸಾಬ ತಲೆ ತಗ್ಗಿಸಲಿಲ್ಲ. ವತ್ಸಲಾಳ ಎದೆ ಸೇತುವೆಯ ಮೇಲೂ ಹಾಗೆ ಬಡಿದುಕೊಂಡಿರಲಿಲ್ಲ.

ಅವನನ್ನು ಯಾರೂ ಮುಟ್ಟಲಿಲ್ಲ. ಇಷ್ಟು ಜನ ನೋಡಿದ ಮೇಲೆ ಮುಟ್ಟುವುದು ಸುಲಭವಿರಲಿಲ್ಲ. ಕೆಲಸ ಹೋಯಿತು. ಮಿಲ್ಲು ನಾಲ್ಕು ತಿಂಗಳು ಮುಚ್ಚಿತು. ಧೂಳು ಎಳೆಯುವ ಯಂತ್ರ ದಿನವಿಡೀ ನಡೆಯಬೇಕೆಂದು ಆದೇಶವಾಗಿ, ಮತ್ತೆ ತೆರೆಯಿತು. ಮರುವರ್ಷ ರಂಜಾನಿಗೆ ಮುಂಚೆ ರಾಜೇಸಾಬ ತೀರಿಕೊಂಡ.

ಗಂಡ ಸತ್ತವಳು ಮನೆಯಲ್ಲೇ ಇರಬೇಕಾದ ನಾಲ್ಕು ತಿಂಗಳು ಹತ್ತು ದಿನ ಕಳೆದ ಮೇಲೆ ಹುಸೇನಬಿ ಹುಬ್ಬಳ್ಳಿಗೆ ಬಂದಳು. "ಪಿಚ್ಚರ್ ಬ್ಯಾಡ ತಂಗಿ. ಅವರ ಧ್ವನಿ ಅಷ್ಟ ಕೇಳ್ಸು." ವತ್ಸಲಾ ಅಂದಿನ ಧ್ವನಿಮುದ್ರಣ ಪೂರ್ತಿ ಹಾಕಿದಳು. ಚಿತ್ರದಲ್ಲಿ ಇಲ್ಲದ ಭಾಗವೂ ಬಂತು: ಮಿಲ್ಲಿನಿಂದ ಮನೆಯ ತನಕ ಅವನೊಬ್ಬನೇ ನಡೆದು ಬಂದ ದಾರಿ. ಚಪ್ಪಲಿಯ ಸದ್ದು, ಏದುಸಿರು, ನಡುನಡುವೆ ತನಗೆ ತಾನೇ ಹೇಳಿಕೊಂಡ ಒಂದೇ ಮಾತು. "ಅಂಜಬ್ಯಾಡ. ಅಂಜಬ್ಯಾಡ. ಹುಸೇನಾ ನೋಡ್ತಾಳ, ಮಾರಿ ನೆಟ್ಟಗ ಮಾಡ್ಕೋ. ಅಂಜಬ್ಯಾಡ."

ಹುಸೇನಬಿ ಸೆರಗು ಬಾಯಿಗೆ ಒತ್ತಿಕೊಂಡಳು. "ನಗಾಕ್ಹತ್ತಿದ್ರಲ್ಲ ತಂಗಿ, ಮನಿಗೆ ಬಂದಾಗ!" ಎಂದಳು. ಹೊರಡುವಾಗ ನನ್ನನ್ನು ತನಗೆ ಕೊಡೆಂದು ಕೇಳಿದಳು. ವತ್ಸಲಾ ಕೊಟ್ಟಳು.

ಈಗ ನಾನು ಬೆಣಚಿನಾಳದ ಅದೇ ಪಡಸಾಲೆಯ ಗೋಡೆಗೂಡಿನಲ್ಲಿದ್ದೇನೆ. ತಂತಿ ಹರಿದಿದೆ, ಜಾಲರಿಯಲ್ಲಿ ಬಿಳಿ ಧೂಳು ತುಂಬಿದೆ. ಎಷ್ಟೋ ದೊಡ್ಡವರ ಎದೆ ಕೇಳಿದ್ದೆ. ನೆನಪಿನಲ್ಲಿ ಉಳಿದದ್ದು ಅಂಜುತ್ತಲೇ ನಡೆದವರ ಎದೆ. ದೂರದಿಂದ ಧೂಳು ಎಳೆಯುವ ಆ ಯಂತ್ರದ ಗುಂಯ್‌ ಸದ್ದು ದಿನವೂ ಕೇಳಿಸುತ್ತದೆ. ಒಮ್ಮೊಮ್ಮೆ ಅದು ತಟ್ಟನೆ ನಿಲ್ಲುತ್ತದೆ. ಆಗ ಹುಸೇನಬಿ ಕೈಯಲ್ಲಿನ ಮೊರ ಕೆಳಗಿಟ್ಟು ಬಾಗಿಲಿಗೆ ಹೋಗುತ್ತಾಳೆ. ಸದ್ದು ಮತ್ತೆ ಶುರುವಾಗುವ ತನಕ ಅಲ್ಲೇ ನಿಂತಿರುತ್ತಾಳೆ.